ಹತ್ತನೆಯವಳು

ಅತ್ತೆಯ ಬಲಗೈ ಸ್ವೆಟರಿನ ತೋಳಿನಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು. "ಸ್ವಲ್ಪ ಸಡಿಲ ಬಿಡಿ ಅತ್ತೆ," ಎಂದು ಹೇಳಿದ ಮೇಲೆ ಸೊಸೆ ನಾಲಿಗೆ ಕಚ್ಚಿಕೊಂಡಳು. ಲಕ್ವ ಹೊಡೆದ ಕೈಗೆ ಬಿಗಿಯಲು ಗೊತ್ತಿದ್ದರಲ್ಲವೇ ಸಡಿಲ ಬಿಡಲು!

ಸೊಸೆಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಬಡಾವಣೆಯ ಸಭಾಂಗಣದಲ್ಲಿ ವಾರಕ್ಕೆರಡು ಸಂಜೆ ದುಡಿಯುವ ಹೆಂಗಸರಿಗೆ ಪುಕ್ಕಟೆ ವ್ಯಾಯಾಮ ಹೇಳಿಕೊಡುತ್ತಾರೆಂದು ಕೇಳಿ ಕದ್ದುಮುಚ್ಚಿ ಹೋಗತೊಡಗಿದ್ದಳು. ಗೊತ್ತಾದ ದಿನ ಅತ್ತೆ ಬಾಗಿಲಲ್ಲೇ ತಡೆದಿದ್ದಳು. "ಮೈ ಬಗ್ಗಿಸೋಕೆ ಮನೇಲಿ ಕೆಲಸ ಕಮ್ಮಿ ಬಿತ್ತೇನೇ? ಅಲ್ಲಿ ಹೋಗಿ ಕುಣೀಬೇಕಾ?" ಸೊಸೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ಎತ್ತಿದ ಕೈ ಯಾರಿಗೂ ಏನನ್ನೂ ತಂದುಕೊಡಬೇಕಾಗಿರಲಿಲ್ಲ. ಎರಡು ತಿಂಗಳ ಹಿಂದೆ ಅತ್ತೆ ಹಾಸಿಗೆ ಹಿಡಿದಳು. ಅಲ್ಲಿಗೆ ಅದೂ ನಿಂತಿತು.

ನಿನ್ನೆ ವ್ಯಾಯಾಮದ ಮೇಡಂ ಮನೆಗೇ ಬಂದಿದ್ದರು. "ಹತ್ತು ಜನ ಇಲ್ದಿದ್ರೆ ಕ್ಲಾಸೇ ಮುಚ್ತಾರಂತೆ ಕಣಮ್ಮ. ನಾಳೆ ನಗರಸಭೆ ಸಾಹೇಬ್ರು ಎಣಿಸೋಕೆ ಬರ್ತಾರೆ. ಈಗ ಬರೋರು ಎಂಟೇ ಜನ."

"ಇವರನ್ನ ಯಾರ ಕೈಲಿ ಬಿಟ್ಟು ಬರ್ಲಿ ಮೇಡಂ? ನಾನು ಬಂದ್ರೂ ಒಂಬತ್ತೇ ಅಲ್ವಾ?"

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅತ್ತೆ ತೊದಲಿದಳು. "ನಾನೂ... ಹೆಂಗ್ಸೇ... ಅಲ್ವಾ?"

ಆಸ್ಪತ್ರೆಯವರು ಗುಜರಿಗೆಂದು ತೆಗೆದಿಟ್ಟಿದ್ದ ಗಾಲಿಕುರ್ಚಿಯನ್ನು ಕೇಳಿ ತಂದು, ಸ್ವೆಟರ್ ತೊಡಿಸಿದ ಅತ್ತೆಯನ್ನು ಸೊಸೆ ಅದರಲ್ಲಿ ಕೂರಿಸಿಕೊಂಡು ಸಭಾಂಗಣಕ್ಕೆ ಹೋದಳು. ಸಾಹೇಬರು ಪೆನ್ನಿನ ತುದಿಯಿಂದ ಒಬ್ಬೊಬ್ಬರನ್ನೇ ಎಣಿಸಿ, ಕುರ್ಚಿಯ ಬಳಿ ಒಂದು ಗಳಿಗೆ ನಿಂತು, ಬರೆದುಕೊಂಡರು. ಅತ್ತೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಎದೆಯವರೆಗೆ, ಆಮೇಲೆ ಗಲ್ಲದವರೆಗೆ ಎತ್ತಿದಳು. ಪಕ್ಕದಲ್ಲಿ ನಿಂತಿದ್ದ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, "ಅಜ್ಜಿ ನಮ್ಮನ್ನೆಲ್ಲ ಮೂಲೆಗೆ ಕೂರಿಸ್ತಾರೆ ಕಣ್ರೇ!" ಎಂದಳು. ಅತ್ತೆಯ ಮುಖದ ಅರ್ಧಭಾಗ ನಕ್ಕಿತು. ಬಾಯಂಚಿನಿಂದ ಇಳಿದ ಜೊಲ್ಲನ್ನು ತಾನೇ ಒರೆಸಿಕೊಂಡಳು.

ನೀರು ತರಲು ಹೊರಬಂದ ಸೊಸೆಗೆ ಜಗುಲಿಯಲ್ಲಿ ಸಾಹೇಬರ ಮಾತು ಕೇಳಿಸಿತು. "ಹತ್ತಾಯ್ತು, ಇಲ್ಲ ಅನ್ನಲ್ಲ. ಆದ್ರೆ ಮುಚ್ಚೋ ಆದೇಶ ಹೋದ ವಾರವೇ ಆಗಿದೆ. ಎಣಿಕೆ ಬರೀ ಕಡತಕ್ಕೆ. ಇವತ್ತೇ ಕೊನೆ ಅಂದ್ಕೊಳ್ಳಿ ಮೇಡಂ."

ಮೇಡಂ ಕತ್ತಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. ಸೊಸೆಯನ್ನು ಕಂಡು ತಲೆ ತಗ್ಗಿಸಿದರು. ಸೊಸೆ ಲೋಟ ತುಂಬಿಸಿಕೊಂಡು ಒಳಗೆ ಹೋದಳು.

ಮನೆಗೆ ಮರಳುವಾಗ ಅತ್ತೆ ಬಾಯಿ ಮುಚ್ಚಲಿಲ್ಲ. "ಮುಂದಿನ್ ಸಲ... ಬೇಗ ಹೋಗೋಣ. ಹಿಂದೆ ಕೂತ್ರೆ... ಏನೂ... ಕಾಣಲ್ಲ."

"ಹೂಂ ಅತ್ತೆ. ಬೇಗ ಹೋಗೋಣ."

ಮನೆಯ ತಿರುವು ಬಂತು. ಸೊಸೆ ತಿರುಗಲಿಲ್ಲ. ಕುರ್ಚಿಯನ್ನು ನೇರಕ್ಕೇ, ಮುಂದಿನ ಬೀದಿಯ ಕಡೆಗೆ, ನಿಧಾನವಾಗಿ ನೂಕುತ್ತ ಹೋದಳು.