ಎಡೆಯ ಬಾಟಲಿಯ ಮುಚ್ಚಳ

ಪಿರಿಯಾಪಟ್ಟಣದ ಉಷಾರಾಣಿಗೆ ಬೈಸಿಕೊಳ್ಳುವುದು ಹೊಸದೇನಲ್ಲ. ರವಿಕೆ ಹೊಲಿಯುವ ಅಂಗಡಿ ಇಟ್ಟವಳು. ತೋಳು ಬಿಗಿ ಬಂತು, ಹುಕ್ಕು ಕಿತ್ತುಬಂತು ಅಂತ ದಿನಾ ಒಬ್ಬರಲ್ಲ ಒಬ್ಬರು ಬಂದು ಒದರಿ ಹೋಗುತ್ತಲೇ ಇರುತ್ತಾರೆ. ಆದರೆ ಅವಳು ಬರೆಯುವ ಪತ್ತೇದಾರ ಪುಟ್ಟಮಲ್ಲಪ್ಪನಿಗೆ ಮಾತ್ರ ಇಲ್ಲಿಯವರೆಗೆ ಯಾರೂ ಬೈದದ್ದಿಲ್ಲ. ಮೈಸೂರಿನ ಒಂದು ವಾರಪತ್ರಿಕೆಯಲ್ಲಿ ಭಾನುವಾರ ಭಾನುವಾರ ಬರುವ ನಗೆ ಪತ್ತೇದಾರಿ ಅದು. ಪುಟ್ಟಮಲ್ಲಪ್ಪ ಅಂದರೆ ಗದ್ದೆಗಳಿಗೆ ಕೆರೆಯ ನೀರು ಬಿಡುವ ಕೆಲಸದಿಂದ ನಿವೃತ್ತನಾದ ನೀರುಗಂಟಿ. ಊರಿನ ಕೋಳಿಕಳ್ಳರನ್ನೂ ತೆಂಗಿನಕಾಯಿ ಕಳ್ಳರನ್ನೂ ಬರೀ ಮೂಗಿನಿಂದ ಮೂಸಿ ಹಿಡಿಯುವ ಮುದುಕ. ಕಂತಿನ ಕೊನೆಗೆ ಲೇಖಕಿಯ ಫೋನ್ ನಂಬರು ಇರುತ್ತದೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದೆಲ್ಲ ಜನ ಫೋನ್ ಮಾಡಿ ನಕ್ಕು ಇಡುತ್ತಾರೆ. ಆ ನಗು ಕೇಳುವುದು ಉಷಾರಾಣಿಗೆ ಒಂದು ಚಟವೇ ಆಗಿಹೋಗಿತ್ತು.

ಚಟ ಹತ್ತಿದ ಮೇಲೆ ಕೈ ಸುಮ್ಮನಿರುತ್ತದೆಯೇ? ಈ ಸಲದ ಮಾರ್ನಮಿ, ಅಂದರೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದ ವಿಶೇಷ ಕಂತಿಗೆ ಅವಳು ಸೀದಾ ಜನರ ಎಡೆಗೇ ಕೈ ಹಾಕಿದಳು.

ಸತ್ತ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮುಂದೆ ಇಟ್ಟು, ಕೋಣೆಯ ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂತು ಕಾಯುವುದು ಈ ಸೀಮೆಯ ಒಕ್ಕಲು ಮನೆಗಳ ಪದ್ಧತಿ. ಬಾಡೂಟ, ಬೀಡಿ, ಎಲೆ ಅಡಿಕೆ, ಕುಡಿಯುತ್ತಿದ್ದ ಆಸಾಮಿಯಾದರೆ ಒಂದು ಕ್ವಾಟ್ರು ಬಾಟಲಿ. ಹಿರಿಯರು ಬಂದು ಉಂಡು ಹೋದರು ಎನ್ನುವಷ್ಟು ಹೊತ್ತಾದ ಮೇಲೆ ಯಾರಾದರೂ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಬೇಕು. ಉಷಾರಾಣಿಯ ಕಂತಿನಲ್ಲಿ ಹಾಗೆ ಬಾಗಿಲು ತೆಗೆದರೆ ಕ್ವಾಟ್ರು ಖಾಲಿ! ಕೊನೆಯಲ್ಲಿ ದೀಪ ಸರಿಮಾಡಲು ಒಳಗೆ ಹೋಗಿದ್ದ ಸೊಸೆಯ ಮೇಲೆ ಎಲ್ಲರ ಕಣ್ಣು. ಪುಟ್ಟಮಲ್ಲಪ್ಪ ಬಂದು ನೋಡುತ್ತಾನೆ, ಖಾಲಿ ಬಾಟಲಿಗೆ ಮುಚ್ಚಳ ಭದ್ರವಾಗಿ ಹಾಕಿದೆ. ಕುಡುಕ ಬದುಕಿದ್ದಾಗಲೇ ಮುಚ್ಚಳ ಹಾಕುವುದಿಲ್ಲ, ಸತ್ತಮೇಲೆ ಹಾಕುತ್ತಾನೆಯೇ, ಇದು ಡಬ್ಬಿ ಭರಣಿ ಮುಚ್ಚಿ ಮುಚ್ಚಿ ರೂಢಿಯಾದ ಕೈ ಎಂದು ಮೂಗು ಏರಿಸುತ್ತಾನೆ. ಆ ಮೂಗು ಹೋಗಿ ನಿಲ್ಲುವುದು, ಬಾಯಿತುಂಬ ಲವಂಗ ಜಗಿಯುತ್ತ ಕೂತಿದ್ದ ಅತ್ತೆಯ ಮುಂದೆ.

ಅಮಾವಾಸ್ಯೆ ಭಾನುವಾರವೇ ಬಂದಿತ್ತು. ಪತ್ರಿಕೆ ಬಂದದ್ದೇ ತಡ, ಫೋನಿಗೆ ಬಿಡುವಿಲ್ಲ. ಹುಣಸೂರಿನ ಒಬ್ಬ ಕಂಡಕ್ಟರು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಎಂದ. ಸಾಲಿಗ್ರಾಮದ ಹೆಂಗಸೊಬ್ಬಳು, ನಮ್ಮತ್ತೆಗೆ ಓದಿ ಹೇಳಿದೆ, ಬೆಳಿಗ್ಗೆಯಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ ಎಂದಳು. ಹಿರಿಯರ ವಿಷಯದಲ್ಲಿ ಹುಡುಗಾಟ ಆಡಿದರೆ ನಾಲಗೆ ಬಿದ್ದುಹೋಗುತ್ತದೆ ಎಂದು ಶಾಪ ಹಾಕಿದವರೂ ಉಂಟು. ನಂಜುಂಡಸ್ವಾಮಿ ಎಂಬ ಹಿರಿಯ ಓದುಗರೊಬ್ಬರು ಮಾತ್ರ ತಪ್ಪು ತೋರಿಸಿದರು. ಎಡೆಗೆ ಬಾಟಲಿ ಇಡುವಾಗಲೇ ಮುಚ್ಚಳ ತೆಗೆದು ಇಡಬೇಕಮ್ಮ, ಇಲ್ಲದಿದ್ದರೆ ಸತ್ತವರು ಹೇಗೆ ತೆಗೆಯುತ್ತಾರೆ, ನೀವು ಮುಚ್ಚಳ ಹಾಕಿಯೇ ಇಡಿಸಿದ್ದೀರಿ, ನಿಮ್ಮದು ಲಿಂಗವಂತರ ಮನೆ ಇರಬೇಕು ಎಂದು ನಕ್ಕರು. ಹೌದು, ಉಷಾರಾಣಿಯ ಮನೆಯ ಎಡೆಯಲ್ಲಿ ಕಡುಬು ಪಾಯಸಕ್ಕಿಂತ ಮುಂದಿನದು ಇರುವುದಿಲ್ಲ. ಬಾಟಲಿಯ ಸಂಗತಿಯೆಲ್ಲ ಕೇಳಿದ್ದು, ಊಹಿಸಿದ್ದು. ಅವಳು ನಾಲಗೆ ಕಚ್ಚಿಕೊಂಡಳು.

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿರುವಾಗ ಬಂತು ನೋಡಿ, ಆ ಫೋನು.

ಹೆಸರು ಕುಮಾರ್, ಕೋಟೆ ಹತ್ತಿರ ಹ್ಯಾಂಡ್‌ಪೋಸ್ಟ್ ಪಕ್ಕದ ಊರು. ನಗಲಿಲ್ಲ, ಬೈಯಲಿಲ್ಲ. ನಮ್ಮ ಮನೇಲಿ ನಡೆದದ್ದನ್ನ ನಿಮಗೆ ಯಾರು ಹೇಳಿದರು ಎಂದಷ್ಟೇ ಕೇಳಿದ. ಯಾರೂ ಹೇಳಿಲ್ಲ, ಅದು ಕಥೆ, ನಾನೇ ಕಟ್ಟಿದ್ದು ಎಂದಳು ಉಷಾರಾಣಿ. ಅವನು ನಂಬಲಿಲ್ಲ. ಹೇಗೆ ನಂಬಿಯಾನು? ಅವರ ಊರಿನಲ್ಲಿ ಪಿತೃಪಕ್ಷದ ಮೊದಲ ವಾರದಲ್ಲೇ ಎಡೆ ಮುಗಿದಿತ್ತು. ಅವನಪ್ಪನಿಗೆ ಇಟ್ಟ ಕ್ವಾಟ್ರು ಖಾಲಿಯಾಗಿತ್ತು. ಕೊನೆಯಲ್ಲಿ ಒಳಗೆ ಹೋಗಿದ್ದವಳು ಹೆಂಡತಿ ಸ್ಪಂದನಾ. ಹಿರಿಯರ ಎಡೆ ಎಂಜಲಾಯಿತು ಎಂದು ಮನೆ ರಣರಂಗ. ಅದೇ ವಾರ ಹಸು ಬೇರೆ ದಿನ ತುಂಬುವ ಮೊದಲೇ ಕಂದು ಹಾಕಿತು. ಹಿರಿಯರು ಮುನಿದರು ಎಂದುಕೊಂಡು ಸ್ಪಂದನಾಳನ್ನು ಮಿರ್ಲೆಗೆ, ತವರಿಗೆ ಕಳಿಸಿದ್ದರು.

"ಮುಚ್ಚುಳ ತಗ್ದು ಮಡಗಿದ್ದು ನಾನು. ಬಾಗ್ಲು ತಗ್ದಾಗ ಖಾಲಿ ಬಾಟ್ಲಿಗೆ ಮುಚ್ಚುಳ ಬಿದ್ದಿತ್ತು. ಇದು ನಮ್ ನಾಕು ಜನಕ್ಕೆ ಬುಟ್ರೆ ಇನ್ಯಾರ್ಗೂ ಗೊತ್ತಿಲ್ಲ ಮೇಡಂ," ಎಂದ ಕುಮಾರ್. "ನನ್ ಎಂಡ್ತಿ ನಿಮ್ಗೆ ಫೋನ್ ಮಾಡಿದ್ಲಾ ಇಲ್ವಾ, ಅಷ್ಟೇ ಯೋಳಿ."

ಉಷಾರಾಣಿಗೆ ನೆನಪಾಯಿತು. ಯುಗಾದಿ ಸುಮಾರಿಗೆ ಕೋಟೆ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ನಾನು ಸ್ಪಂದನಾ ಅಂತ, ಭಾನುವಾರ ನಮ್ಮತ್ತೆಗೆ ಪುಟ್ಟಮಲ್ಲಪ್ಪನನ್ನ ಓದಿ ಹೇಳದಿದ್ದರೆ ಅವರು ಊಟಕ್ಕೇ ಏಳುವುದಿಲ್ಲ ಎಂದು ಹೇಳಿ ನಕ್ಕಿದ್ದಳು. ಅಷ್ಟೇ. ಇಲ್ಲ ಅಂದುಬಿಟ್ಟರೆ ಹುಡುಗಿ ಉಳಿದುಕೊಳ್ಳುತ್ತಾಳೆ. ಆದರೆ ಇವನು ಈಗಾಗಲೇ ಹೆಂಡತಿಯ ಫೋನಿನಲ್ಲಿ ನಂಬರು ನೋಡಿಕೊಂಡೇ ಕೇಳುತ್ತಿದ್ದರೆ? ಒಂದು ಸಲ ಮಾಡಿದ್ದಳು, ಹಬ್ಬಕ್ಕಿಂತ ಎಷ್ಟೋ ಮುಂಚೆ ಎಂದು ನಿಜ ಹೇಳಿದಳು. ಅತ್ತಲಿಂದ ಒಂದು ನಿಟ್ಟುಸಿರು. ಎಡೆ ಕುಡಿದದ್ದಲ್ಲದೆ ಅವ್ವನ ತಲೆಗೆ ಕಟ್ಟಿ ಪೇಪರಿಗೂ ಹಾಕಿಸಿದ್ದಾಳೆ, ಬುಧವಾರ ನಮ್ಮ ಚಿಕ್ಕಪ್ಪ ಮಿರ್ಲೆಗೆ ಹೋಗಿ, ನಿಮ್ಮ ಮಗಳನ್ನ ನೀವೇ ಇಟ್ಟುಕೊಳ್ಳಿ ಅಂತ ಹೇಳಿ ಬರುತ್ತಾರೆ ಎಂದ. ಫೋನು ಇಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉಷಾರಾಣಿ ಆಡಿಯೂ ಆಗಿತ್ತು, ಅದು ಅಚ್ಚಾಗಿ ನಾಲ್ಕು ತಾಲ್ಲೂಕಿಗೆ ಹಂಚಿಯೂ ಆಗಿತ್ತು. ಮಧ್ಯಾಹ್ನ ಸ್ಪಂದನಾಳೇ ಫೋನ್ ಮಾಡಿದಳು.

"ನಾನು ಯಾರ್ಗೂ ಏನೂ ಹೇಳಿಲ್ಲ ಅಂತ ಅವ್ರಿಗೆ ಹೇಳಿ ಮೇಡಂ. ಅಷ್ಟು ಸಾಕು ನಂಗೆ."

ಹಾಗಾದರೆ ಕುಡಿದವರು ಯಾರಮ್ಮ ಎಂದು ಉಷಾರಾಣಿ ಕೇಳಿದಳು. ನನ್ನ ಪರವಾಗಿ ಅಷ್ಟು ಹೇಳಿಬಿಡಿ ಎಂದು ಇನ್ನೊಂದು ಸಲ ಅಂದು ಹುಡುಗಿ ಫೋನ್ ಇಟ್ಟಳು.

ಆ ಊರಿಗೇ ಹೋಗಿ ಹೇಳಿ ಬರುತ್ತೇನೆ ಎಂದು ಉಷಾರಾಣಿ ಅಂದಾಗ ಅವಳ ಗಂಡ ಸೋಮಶೇಖರ್ ಹೋಗುವುದೇ ಬೇಡ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಅವರ ಮನೆಯ ಪಂಚಾಯ್ತಿ ನಿನಗೆ ಯಾಕೆ ಎಂದ. ಉಷಾರಾಣಿಗೆ ರೇಗಿತು. ನನ್ನ ಕಥೆಯಿಂದ ಒಂದು ಹುಡುಗಿಯ ಸಂಸಾರ ಮುರಿಯುವುದಾದರೆ ನಾನು ಇನ್ನೊಂದು ಅಕ್ಷರ ಬರೆಯುವುದಿಲ್ಲ ಎಂದಳು. ಮಂಗಳವಾರ ಅಂಗಡಿಗೆ ಬೀಗ ಹಾಕಿ, ಹುಣಸೂರಿನಲ್ಲಿ ಬಸ್ಸು ಬದಲಿಸಿ ಹೊರಟಳು. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳಿಂದ ಘಾಟು. ಪುಟ್ಟಮಲ್ಲಪ್ಪನಾದರೆ ಮೂಗು ಏರಿಸಿ ಏನಾದರೂ ಹೇಳಿಬಿಡುತ್ತಿದ್ದ. ಇವಳಿಗೆ ಏನು ಹೇಳಬೇಕೆಂದೇ ತೋಚಲಿಲ್ಲ.

ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಆಟೋ ಹಿಡಿದು ಹೋದಳು. ಮನೆಯ ಜಗಲಿಯ ಮೇಲೆ ಕುಮಾರ್ ಇದ್ದ. ಅವನ ಚಿಕ್ಕಪ್ಪ ಚಿಕ್ಕಣ್ಣ ಒಳಗೆ ಕುರ್ಚಿಯ ಮೇಲೆ. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದವಳು ಕುಮಾರನ ತಾಯಿ ಚಿಕ್ಕಬೀರಮ್ಮ. ಬಂದವರಿಗೆ ನೀರು ಕೊಡುವಷ್ಟು ಮರ್ಯಾದೆ ಅವರು ಬಿಡಲಿಲ್ಲ, ಕೂರಿ ಎಂದರು. ಆದರೆ ಯಾರ ಮುಖವೂ ಅರಳಲಿಲ್ಲ.

ಚಿಕ್ಕಣ್ಣ ಸುತ್ತು ಬಳಸದೆ ಕೇಳಿದ. ಊರ ಹುಡುಗರೆಲ್ಲ ಆ ಪೇಪರಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿಕೊಂಡು, ಚಿಕ್ಕಬೀರಮ್ಮನ ಮನೆ ಕಥೆ ಅಂತ ನಗುತ್ತಿದ್ದಾರೆ, ಇದಕ್ಕೆ ಏನು ಹೇಳುತ್ತೀರಿ ಎಂದ. ಮುಚ್ಚಳದ ಸಂಗತಿ ಸ್ಪಂದನಾ ಹೇಳದೆ ನಿಮಗೆ ಗೊತ್ತಾಗಲು ಸಾಧ್ಯವೇ ಇಲ್ಲ ಎಂದ.

ಆಗ ಉಷಾರಾಣಿಗೆ ಆ ಹಿರಿಯ ಓದುಗರು ತೋರಿಸಿದ ತಪ್ಪು ಥಟ್ಟನೆ ಹೊಳೆಯಿತು. ಅಯ್ಯೋ ನನ್ನ ಪೆದ್ದುತನವೇ, ಇದು ಸೋಮವಾರವೇ ಯಾಕೆ ಹೊಳೆಯಲಿಲ್ಲ ಎಂದುಕೊಂಡು, ಚೀಲದಿಂದ ಪತ್ರಿಕೆ ತೆಗೆದು ಕುಮಾರನ ಕೈಗೆ ಕೊಟ್ಟಳು. ಎಡೆ ಇಡುವ ಭಾಗ ಓದಿ ಎಂದಳು.

"ಬಾಟಲಿ ಇಡುವಾಗಲೇ ಮುಚ್ಚಳ ಹಾಕಿಟ್ಟಿದ್ರು ಅಂತ ಬರ್ದಿದ್ದೀನಿ ನೋಡಿ. ತೆಗೆದು ಇಡಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ. ಸ್ಪಂದನಾ ಹೇಳಿದ್ದಿದ್ರೆ ಈ ತಪ್ಪು ಮಾಡ್ತಿದ್ನಾ? ನಿಮ್ಮ ಮನೆಯೋರು ಯಾರೇ ಹೇಳಿದ್ರೂ ಈ ತಪ್ಪು ಆಗ್ತಿತ್ತಾ?"

ಕುಮಾರ್ ಓದಿದ. ಇನ್ನೊಂದು ಸಲ ಓದಿದ. ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಣ್ಣ ಮೀಸೆ ಸವರಿಕೊಂಡು, ಆಯಿತು, ಸೊಸೆ ಹೊರಗೆ ಬಾಯಿ ಬಿಟ್ಟಿಲ್ಲ ಎಂದು ಒಪ್ಪಿದೆವು ಎಂದ. ಉಷಾರಾಣಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಆಸಾಮಿ ಅಷ್ಟಕ್ಕೆ ಬಿಡುವವನಲ್ಲ. ಹೇಳದಿದ್ದರೇನು, ಕುಡಿದದ್ದು ಅವಳೇ ತಾನೇ, ಕೋಣೆಗೆ ಕೊನೆಗೆ ಹೋದವಳು ಅವಳೊಬ್ಬಳೇ, ಕೇಳಿದರೆ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ, ಹಿರಿಯರ ಬಾಯಿಂದ ಕಿತ್ತುಕೊಂಡು ಕುಡಿದವಳನ್ನು ಮನೆ ತುಂಬಿಸಿಕೊಳ್ಳಲು ಆಗುವುದಿಲ್ಲ, ನಾಳೆ ಮಿರ್ಲೆಗೆ ಹೋಗುವುದು ಹೋಗುವುದೇ ಎಂದ.

ಉಷಾರಾಣಿಯ ಕಣ್ಣು ತಾನಾಗಿಯೇ ಚಿಕ್ಕಬೀರಮ್ಮನ ಕಡೆ ಹೊರಳಿತು, ಹೊರಳಿದ್ದೇ ತಪ್ಪು ಎನ್ನುವಂತೆ ತಿರುಗಿಬಂತು. ತಾನು ಸುಮ್ಮನೆ ನಗಿಸಲು ಬರೆದದ್ದು ನಿಜವಿದ್ದರೆ? ಹಾಗೆ ಅಂದುಬಿಟ್ಟರೆ ಸೊಸೆ ಬದುಕಿಕೊಳ್ಳುತ್ತಾಳೆ, ಈ ಮುದುಕಿ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಅಲ್ಲದಿದ್ದರೆ? ಕಥೆಯಲ್ಲಿ ಆಪಾದನೆ ಹೊರಿಸುವುದು ಎಷ್ಟು ಸಲೀಸು, ಎದುರಿಗೆ ಒಂದು ಜೀವ ಕೂತಿರುವಾಗ ಎಷ್ಟು ಕಷ್ಟ! ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹೊರಡೋಣ ಎಂದು ಚೀಲಕ್ಕೆ ಕೈ ಹಾಕಿದಳು.

ಚಿಕ್ಕಬೀರಮ್ಮ ಆಗ ಮಾತಾಡಿದಳು. ಎಲ್ಲರೂ ಓದಿದ್ದಾರೆ, ನನಗೆ ಯಾರೂ ಓದಿ ಹೇಳಿಲ್ಲ, ಓದುವವಳು ಮಿರ್ಲೆಯಲ್ಲಿ ಕೂತಿದ್ದಾಳೆ, ಬಂದವರು ನೀವೇ ಓದಿಬಿಡಿ ಎಂದಳು. ಕುಮಾರ್ ಬೇಡ ಎಂದ. ಅವಳು ಮಗನ ಕಡೆ ನೋಡಲಿಲ್ಲ.

ಉಷಾರಾಣಿ ಕುಮಾರನ ಕೈಯಿಂದ ಪತ್ರಿಕೆ ತೆಗೆದುಕೊಂಡು ಓದಿದಳು. ನಾಲ್ಕು ತಾಲ್ಲೂಕು ನಕ್ಕ ಸಾಲುಗಳು ಆ ಮನೆಯಲ್ಲಿ ಒಂದೊಂದೂ ಕಲ್ಲಿನ ಹಾಗೆ ಬಿದ್ದವು. ಪುಟ್ಟಮಲ್ಲಪ್ಪ ಮೂಗು ಏರಿಸಿದ, ಯಾರೂ ನಗಲಿಲ್ಲ. ಅತ್ತೆಯ ಬಾಯಿಂದ ಲವಂಗ ಉದುರಿತು, ಯಾರೂ ನಗಲಿಲ್ಲ. ಕೊನೆಯಲ್ಲಿ ಕಥೆಯ ಅತ್ತೆ ಹೇಳುವ ಮಾತು: 'ನನಗಿಂತ ಹೆಚ್ಚಾಗಿ ಇದನ್ನ ಕಟ್ಟಿಕೊಂಡಿದ್ದರಲ್ಲ, ಇದರಲ್ಲಿ ಅಂಥದ್ದೇನಿದೆ ನೋಡೋಣ ಅಂತ ಕುಡಿದೆ. ಥೂ, ಬೇವಿನ ಕಷಾಯ! ಬರೀ ಕಹಿ!' ಉಷಾರಾಣಿ ಅಲ್ಲಿಗೆ ಮುಗಿಸಿ ಪತ್ರಿಕೆ ಮಡಚಿದಳು.

"ಕಹಿ ಇರಾಕಿಲ್ಲ ಕಣವ್ವ," ಎಂದಳು ಚಿಕ್ಕಬೀರಮ್ಮ. "ಅದೊಂದು ತಪ್ಪು ಬರ್ದಿದ್ದೀಯ. ಗಂಟ್ಲಿಂದ ಎದೆಗಂಟ ಉರ್ಕೊಂಡು ಓಯ್ತದೆ. ಆಮ್ಯಾಲೆ ಒಳಗೆಲ್ಲ ಬೆಚ್ಚಗಾಯ್ತದೆ. ಅದ್ಕೇಯ ಆವಯ್ಯ ಅದ ಬುಡ್ನಿಲ್ಲ."

ಚಿಕ್ಕಣ್ಣನ ಕೈ ಮೀಸೆಯ ಮೇಲೆಯೇ ನಿಂತಿತು. ಕುಮಾರ್ ಅವ್ವಾ ಎಂದ. ಉಷಾರಾಣಿಗೆ ಕಣ್ಣು ತುಂಬಿಬಂತು. ಇಷ್ಟು ವರ್ಷ ಎಷ್ಟೋ ಓದುಗರು ಅವಳಿಗೆ ತಪ್ಪು ತೋರಿಸಿದ್ದರು, ಹೀಗೆ ಯಾರೂ ತೋರಿಸಿರಲಿಲ್ಲ.

ಬದುಕಿರುವ ತನಕ ಅವನಿಗೆ ಲೋಟ ಇಟ್ಟು, ನೀರು ಬೆರೆಸಿ, ಬಿದ್ದಲ್ಲಿಂದ ಎಬ್ಬಿಸಿಕೊಂಡು ಬಂದವಳು ತಾನು, ಒಂದು ದಿನ ಮೂಸಿಯೂ ನೋಡಿರಲಿಲ್ಲ ಎಂದು ಮುದುಕಿ ನಿಧಾನವಾಗಿ ಹೇಳಿದಳು. ಎಲ್ಲರೂ ಜಗಲಿಗೆ ಹೋದ ಮೇಲೆ ಅಡುಗೆಮನೆ ಕಡೆಯ ಬಾಗಿಲಿಂದ ಒಳಗೆ ಹೋದಳಂತೆ. ಅವನ ಫೋಟೋದ ಮುಂದೆ ಕೂತು ಕುಡಿದಳಂತೆ. ಸೊಸೆಯ ಮೇಲೆ ಬಂದಾಗ ಹೇಳೋಣ ಹೇಳೋಣ ಎಂದು ಬಾಯಿಗೆ ಬಂದದ್ದನ್ನು ನಾಚಿಕೆಗೆ ನುಂಗಿಕೊಂಡಳಂತೆ. ಇದನ್ನೆಲ್ಲ ಅವಳು ಗೋಡೆಯ ಮೇಲಿನ ಗಂಡನ ಫೋಟೋಕ್ಕೆ ಹೇಳಿದ ಹಾಗೆ ಹೇಳಿದಳು.

"ನಾನ್ ಮುಚ್ಚುಳ ಆಕೋದ ಆ ಮಗ, ನಿನ್ ಎಂಡ್ತಿ, ಬಾಗ್ಲ ಸಂದೀಲಿ ನೋಡ್ತು ಕಣ್ಲಾ ಕುಮಾರ. ನನ್ ಕಣ್ಣೂ ಅವ್ಳ ಕಣ್ಣೂ ಕೂಡ್ದೊ. ನೀವು ಅಷ್ಟು ಅಂದ್ರೂ ಅವ್ಳು ಬಾಯ್ ಬುಡ್ನಿಲ್ಲ. ಗಂಟು ಕಟ್ಕೊಂಡು ಓಗೋವಾಗ ನನ್ ಕಾಲ್ಗೆ ಬಿದ್ದು ಓದ್ಲು."

ಕುಮಾರ್ ಎದ್ದು ಮೊಳೆಗೆ ನೇತುಹಾಕಿದ್ದ ಬೈಕಿನ ಕೀ ತೆಗೆದುಕೊಂಡ. ಮಿರ್ಲೆಗೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದ. ಚಿಕ್ಕಬೀರಮ್ಮ ಗೋಡೆ ಹಿಡಿದು ಮೇಲಕ್ಕೆದ್ದಳು, ಸೆರಗು ಬಿಗಿಮಾಡಿಕೊಂಡಳು, ಹೊಸ್ತಿಲ ಹತ್ತಿರ ಚಪ್ಪಲಿ ಹುಡುಕಿದಳು.

"ನೀನ್ ಸುಮ್ಕಿರು," ಎಂದಳು ಮಗನಿಗೆ. "ಕಳಿಸ್ದೋಳು ನಾನು. ನಾನೇ ಓಯ್ತೀನಿ."