ಮೆಣಸಿನಕಾಯಿ ಕಣದ ಶಾಲೆ

ನಮ್ಮೂರಲ್ಲಿ ಎರಡು ಸರಕಾರಿ ಶಾಲೆ. ಮೇಲಿನ ಓಣಿಯದು ನನ್ನದು, ಅಂದರೆ ಮೈಲಾರೆಪ್ಪ ಮಾಸ್ತರನದು: ನಾಲ್ಕು ಕೋಣೆ, ಹಂಚಿನ ಮಾಡು, ಹಿತ್ತಾಳೆಯ ಗಂಟೆ. ಕೆಳಗಿನ ಓಣಿಯದು ಮಕ್ತುಮಬಿ ಟೀಚರದು: ಒಂದೇ ಕೋಣೆ, ಅದೂ ಸೋರುತ್ತಿತ್ತು. ಎರಡರಲ್ಲೂ ಓದು ನಾಲ್ಕನೆಯ ತರಗತಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಏಳು ಮೈಲಿ ದೂರದ ಬ್ಯಾಡಗಿಗೆ ಹೋಗಬೇಕು; ಹುಡುಗಿಯರನ್ನು ಅಷ್ಟು ದೂರ ಯಾರೂ ಕಳಿಸುತ್ತಿರಲಿಲ್ಲ. ನನ್ನ ಮಗಳು ಹೊಳಿಯವ್ವ ಆ ವರ್ಷ ನಾಲ್ಕನೆಯಲ್ಲಿದ್ದಳು.

೧೯೮೬ರ ಫೆಬ್ರುವರಿಯಲ್ಲಿ ಸುದ್ದಿ ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಎರಡೂ ಶಾಲೆ ನೋಡಿ, ಚಲೋ ಇದ್ದದ್ದಕ್ಕೆ ಏಳನೆಯ ತರಗತಿಯವರೆಗೆ ಮಂಜೂರು ಮಾಡುತ್ತಾರಂತೆ. ಎರಡೂ ಹಿಡಿಸದಿದ್ದರೆ ಅದು ಪಕ್ಕದೂರಿನ ಪಾಲು. ನಾನು ಮೀಸೆ ತಿರುವಿದೆ. ಒಂದು ಕೋಣೆಯ ಶಾಲೆ ನನಗೆ ಸಾಟಿಯೇ?

ಆದರೆ ಅದು ಮೆಣಸಿನಕಾಯಿ ಸುಗ್ಗಿ. ಮನೆಮಂದಿಯೆಲ್ಲ ಕಣದಲ್ಲಿ ಕೂತು ತೊಟ್ಟು ಬಿಡಿಸುವ ಕಾಲ. ನನ್ನ ಕೋಣೆಗಳು ತಿಂಗಳಿಂದ ಭಣಗುಡುತ್ತಿದ್ದವು. ಸಾಹೇಬರು ಬರುವ ದಿನ ನಸುಕಿನಲ್ಲೇ ಮನೆಮನೆ ತಿರುಗಿ, ಗದರಿಸಿ, ಅರವತ್ತು ಮಕ್ಕಳನ್ನು ತಂದು ಕೂರಿಸಿದೆ. ಓದಲು ಎದ್ದ ಹುಡುಗಿ ಎರಡನೆಯ ಸಾಲಿಗೇ ತಡವರಿಸಿದಳು. ಏಳರ ಮಗ್ಗಿ ಹೇಳಲು ಎದ್ದವನು ಮೂರಕ್ಕೇ ನಿಂತ. ನನ್ನ ಮುಖ ಸಣ್ಣದಾಯಿತು.

ಕೆಳಗಿನ ಓಣಿಗೆ ಹೋದೆವು. ಶಾಲೆಗೆ ಬೀಗ.

"ಒಂದರಾಗ ಓದಿಲ್ಲ, ಇನ್ನೊಂದು ತೆರದೇ ಇಲ್ಲ. ಇಂಥಾ ಊರಿಗೆ ಏಳನೇತ್ತ ಯಾಕ ಬೇಕ್ರಿ?" ಎಂದು ಸಾಹೇಬರು ಪೆನ್ನು ತೆಗೆದರು.

ನನಗೆ ಎಲ್ಲ ಗೊತ್ತಿತ್ತು. ಸುಗ್ಗಿ ಮುಗಿಯುವವರೆಗೆಂದು ಮಕ್ತುಮಬಿ ಕರಿಹಲಗೆಯನ್ನು ಕಣಕ್ಕೇ ಹೊತ್ತೊಯ್ದಿದ್ದರು. ಅದನ್ನು ಊರ ತುಂಬ ಆಡಿಕೊಂಡು ನಕ್ಕವನೂ ನಾನೇ. ಈಗ ಬಾಯಿ ಬಿಟ್ಟರೆ ಅವರ ಮುಂದೆ ನಾನು ಸೋತಂತೆ. ಆದರೆ 'ಇಂಥಾ ಊರು' ಎಂಬ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು.

"ಸಾಹೇಬ್ರ, ಬೀಗ ನೋಡಿ ಬರೀಬ್ಯಾಡ್ರಿ. ಕಣಕ್ಕ ಬರ್ರಿ."

ಕಣದ ಘಾಟಿಗೆ ಸಾಹೇಬರು ಸೀನತೊಡಗಿದರು. ಕೆಂಪು ರಾಶಿಗಳ ನಡುವೆ ಅರ್ಧ ಮಕ್ಕಳು ತಾಯಂದಿರ ಜೊತೆ ತೊಟ್ಟು ಬಿಡಿಸುತ್ತಿದ್ದರೆ, ಇನ್ನರ್ಧ ಮಕ್ತುಮಬಿಯವರ ಹಲಗೆಯ ಮುಂದೆ ಕೂತಿದ್ದರು. ತಾಸಿಗೊಮ್ಮೆ ಅದಲು ಬದಲು. ಸೈದಾಬಿ ಎಂಬ ಹುಡುಗಿ ಎದ್ದು ಇಡೀ ಪಾಠವನ್ನು ನೀರು ಕುಡಿದಂತೆ ಓದಿದಳು.

"ಹನ್ನೆರಡು ಏಳಲೆ?" ಸಾಹೇಬರು ಸೀನಿನ ನಡುವೆ ಕೇಳಿದರು.

"ಎಂಬತ್ನಾಕ್ರಿ!" ಎಂದವಳು ಗುತ್ತೆವ್ವ, ಒಬ್ಬ ಹುಡುಗನ ತಾಯಿ. ಅವಳು ಶಾಲೆಯ ಮೆಟ್ಟಿಲೇ ಹತ್ತಿದವಳಲ್ಲ. ದಿನವೂ ಕೇಳಿ ಕೇಳಿ ಕಲಿತಿದ್ದಳು. ನನ್ನ ಎದೆಯುಬ್ಬಿತು. ನನ್ನ ಶಾಲೆ ಸೋತಿದೆ ಎನ್ನುವುದೇ ಮರೆತುಹೋಗಿತ್ತು.

ಜೂನ್‌ನಲ್ಲಿ ಮಂಜೂರಾತಿ ಕೆಳಗಿನ ಓಣಿಗೆ ಬಂತು. ಹೊಳಿಯವ್ವನ ಕೈ ಹಿಡಿದು ಅಲ್ಲಿಗೇ ಹೊರಟಿದ್ದೆ. ಕಟ್ಟೆಯ ಮೇಲಿದ್ದ ನೆರೆಮನೆಯ ಶಮಶೇರಸಾಬ ಕಾಲೆಳೆದ:

"ಏನ್ರಿ ಮಾಸ್ತರ, ಒಂದು ಕೋಣಿ ಸಾಲಿ ಮುಂದ ಸೋತ್ರಲ್ಲ?"

"ಸೋಲಾಕ ಅದೇನು ಪರವೂರಿನ ಸಾಲಿ ಏನೋ? ನಮ್ಮೂರಿಂದು!"

ಹೋದ ವರ್ಷ ಐದನೆಯ ತರಗತಿ ಓದಿದ ಹುಡುಗಿ ಊರಲ್ಲಿ ಒಬ್ಬಳೂ ಇರಲಿಲ್ಲ. ಈಗ ಆ ಸೋರುವ ಕೋಣೆಯಲ್ಲಿ ಹನ್ನೊಂದು ಹುಡುಗಿಯರು ಸಾಲಾಗಿ ಕೂತಿದ್ದರು. ಹೊಳಿಯವ್ವ ಹೋಗಿ ಹನ್ನೆರಡನೆಯವಳಾಗಿ ಕೂತಳು.