ಅಜ್ಜಂಪುರದ ಜೇನು

"ಅಕ್ಕಾ, ಅಣ್ಣಂಗೆ ಮತ್ತೆ ಜೇನು ಬಂದೈತೆ ನೋಡಿ" ಎಂದು ಪೋಸ್ಟ್‌ಮನ್ ರವಿಕುಮಾರ ಗೇಟಿನ ಮೇಲಿಂದ ಕವರು ಚಾಚಿದ. "ಅಂಗಡಿ ಬಾಗ್ಲು ಹಾಕಿತ್ತು. ಅದಕ್ಕೇ ಮನೆಗೆ ತಂದೆ."

ಸುಮನಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕವರು ತೆಗೆದುಕೊಂಡಳು. "ಮತ್ತೆ ಅಂದ್ರೆ? ಇಂಥವು ಬತ್ತಾನೇ ಇರ್ತವಾ?"

"ಬತ್ತಾ ಇರ್ತವೆ. ಈಗಿನ ಕಾಲದಾಗೆ ನಮ್ಮ ಕಡೂರ್ನಾಗೆ ಬ್ಯಾಂಕ್ನೋರು, ಕೋರ್ಟ್ನೋರು ಬಿಟ್ರೆ ಯಾರು ಯಾರಿಗೆ ಕಾಗ್ದ ಹಾಕ್ತಾರೆ ಹೇಳಿ. ಅಣ್ಣ ಪುಣ್ಯವಂತ!" ನಗುತ್ತಾ ಬೈಕು ತಿರುಗಿಸಿಕೊಂಡು ಹೋದ.

ಬಿಳಿ ಕವರಿನ ಮೂಲೆಯಲ್ಲಿ, ಹಳದಿ ಹೂವಿಗೆ ತಲೆ ತೂರಿಸಿಕೊಂಡ ಜೇನುಹುಳದ ಅಂಚೆಚೀಟಿ. ಅದರ ಮೇಲೆ ಅರ್ಧ, ಕವರಿನ ಮೇಲೆ ಅರ್ಧ ಬರುವಂತೆ ಅಜ್ಜಂಪುರದ ದುಂಡು ಮೊಹರು. ವಿಳಾಸ ಹೆಂಗಸಿನ ಅಕ್ಷರ. ಸಾಲು ತಪ್ಪದ, ಒತ್ತಿ ಒತ್ತಿ ಬರೆದ ಅಕ್ಷರ. ಕಳಿಸಿದವರ ಹೆಸರಿಲ್ಲ. ಬಿಸಿಲಿಗೆ ಹಿಡಿದು ನೋಡಿದಳು. ಒಳಗೆ ಏನೂ ಕಾಣಲಿಲ್ಲ. ಸೌಟಿನ ತುದಿಯಿಂದ ಮೆಲ್ಲಗೆ ಬಿಡಿಸಿದಳು. ನಿಜಕ್ಕೂ ಏನೂ ಇರಲಿಲ್ಲ.

ಕಾಗದವಿದ್ದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಗಂಡ ಮೋಹನ್‌ಗೆ ಜೇನಿನ ಚೀಟಿ ಕೂಡಿಡುವ ಹುಚ್ಚು ಇರುವುದು ಅವಳಿಗೇನೂ ಹೊಸದಲ್ಲ. ಪಂಪ್‌ಸೆಟ್ಟಿನ ಮೋಟಾರ್ ವೈಂಡಿಂಗ್ ಮಾಡಿ ಕಪ್ಪಾದ ಕೈಗಳನ್ನು ಎರಡು ಸಲ ಸೋಪಿನಲ್ಲಿ ತೊಳೆದು, ಭಾನುವಾರ ಆಲ್ಬಮ್ ಬಿಡಿಸಿ ಕೂರುತ್ತಿದ್ದ. ಪೋಲೆಂಡಿನದು, ಕ್ಯೂಬಾದ್ದು, ಯಾವುದೋ ದೇಶದ ರಾಣಿಹುಳ. ಹಳೇ ಕವರುಗಳು ಸಿಕ್ಕರೆ ತಟ್ಟೆಯ ನೀರಿನಲ್ಲಿ ನೆನೆಹಾಕುತ್ತಿದ್ದ. ಅಂಟು ಬಿಟ್ಟು ಚೀಟಿ ತಾನಾಗಿ ತೇಲುತ್ತಿತ್ತು. ಅದನ್ನು ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸುತ್ತಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ, ಹುಳ ತಾನೆ ಎಂದು ಸುಮನಾ ಸುಮ್ಮನಿದ್ದಳು.

ಈಗ ಬೀರುವಿನಿಂದ ಆಲ್ಬಮ್ ಎಳೆದು, ಎಂದೂ ನೋಡದ ಕೊನೆಯ ಹಾಳೆಗಳವರೆಗೆ ತಿರುವಿದಳು. ಅಲ್ಲಿ ಚೀಟಿಗಳಿರಲಿಲ್ಲ. ಇಡೀ ಇಡೀ ಕವರುಗಳಿದ್ದವು, ಪ್ಲಾಸ್ಟಿಕ್ಕಿನೊಳಗೆ. ಎಲ್ಲದರ ಮೇಲೂ ಜೇನು, ಅಜ್ಜಂಪುರದ ಮೊಹರು, ಅದೇ ಅಕ್ಷರ. ಎಲ್ಲವೂ ಖಾಲಿ.

ತಿಂಗಳಿಗೊಮ್ಮೆಯಾದರೂ "ಶಿವನಿ ಕಡೆ ಮೋಟಾರ್ ಬಿಚ್ಚೋದೈತೆ" ಎಂದು ಹೋಗುವವನು. ಶಿವನಿಗೆ ಹೋಗುವ ದಾರಿಯಲ್ಲೇ ಅಜ್ಜಂಪುರ. ಹೋಗುವ ದಿನ ಮೀಸೆ ಕತ್ತರಿಸಿಕೊಳ್ಳುತ್ತಾನೆ. ಮೋಟಾರ್ ಬಿಚ್ಚುವವನಿಗೆ ಇಸ್ತ್ರಿ ಅಂಗಿ ಯಾಕೆ? ಎಲ್ಲಾ ಚೀಟಿ ನೆನೆಸಿ ತೆಗೆಯುವವನು ಇವನ್ನು ಮಾತ್ರ ಯಾಕೆ ಮುಟ್ಟಿಲ್ಲ?

ಹೈಸ್ಕೂಲಿನಲ್ಲಿದ್ದಾಗ ಜತೆಯ ಹುಡುಗಿಯೊಬ್ಬಳು ಹೇಳಿಕೊಟ್ಟ ಉಪಾಯ ನೆನಪಾಯಿತು. ಮನೆಯವರು ಕಾಗದ ಒಡೆದು ನೋಡುತ್ತಾರೆಂದು ಅವಳ ಹುಡುಗ ಚೀಟಿಯ ಅಡಿಯಲ್ಲಿ ಸಣ್ಣಗೆ ಬರೆದು ಮೇಲೆ ಅಂಟಿಸುತ್ತಿದ್ದನಂತೆ.

ಸುಮನಾ ಊಟದ ತಟ್ಟೆಗೆ ನೀರು ಹಾಕಿ ಕವರಿನ ಮೂಲೆಯನ್ನು ಅದ್ದಿ ಹಿಡಿದಳು. ನೀರೊಳಗೆ ಹುಳ ಜೀವ ಬಂದಂತೆ ಅಲುಗಿತು. ಅಂಚು ಎದ್ದಿತು. ಉಗುರು ಕೊಟ್ಟು ಎಳೆದಳು. ಚೀಟಿ ತೇಲಿತು.

ಅಡಿಯಲ್ಲಿ ಬರೀ ಬಿಳಿ ಚೌಕ. ಅದರ ಸುತ್ತ ಅರ್ಧ ಉಂಗುರದಂತೆ ಉಳಿದ ಮೊಹರು.

"ತೆಗ್ದು ನೋಡ್ದ್ಯಾ?"

ಬೆಚ್ಚಿ ತಿರುಗಿದಳು. ಅತ್ತೆ ಕಮಲಾಕ್ಷಮ್ಮ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದರು.

"ಏನೂ ಇರಾಕಿಲ್ಲ ಕಣೇ. ಒಂದು ಸತಿ ಅವ್ನ ಅಂಗಿ ಒಗೆಯೋವಾಗ ಜೇಬ್ನಾಗೆ ಇಂಥದ್ದೇ ಒಂದು ಸಿಕ್ತು. ನಾನೂ ನೆನೆಹಾಕಿ ನೋಡ್ದೆ." ಹೊಸಿಲು ದಾಟಿ ಒಳಗೆ ಬಂದರು. "ಓದಾಕೆ ಬರಾಕಿಲ್ಲ ನಂಗೆ. ಆದ್ರೂ ನೋಡ್ದೆ."

"ಯಾರತ್ತೆ ಅವ್ಳು?" ಸುಮನಾಳ ದನಿ ಒಡೆಯಿತು. "ನೀವೂ ಸೇರ್ಕೊಂಡು ಮುಚ್ಚಿಟ್ರಾ?"

"ಥೂ, ಏನಂದ್ಕೊಂಡ್ಯೇ ಅವ್ನನ್ನ! ಹೇಮ ಕಣೇ. ನನ್ನ ಮಗಳು."

ಹೇಮಾವತಿ. ಆ ಹೆಸರನ್ನು ಸುಮನಾ ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಕೇಳಿದ್ದಳು. ವಾಚ್ ರಿಪೇರಿಯ ಮುಬಶೀರನನ್ನು ಮದುವೆಯಾಗಿ ಹುಬ್ಬಳ್ಳಿ ಕಡೆ ಹೋದಳಂತೆ ಎಂದಿದ್ದರು ಯಾರೋ. ಆಮೇಲೆ ಈ ಮನೆಯಲ್ಲಿ ಯಾರೂ ಅವಳ ಸುದ್ದಿ ಎತ್ತಿರಲಿಲ್ಲ.

"ಅವತ್ತು ಇವ್ನ ಕೈ ನನ್ನ ತಲೆ ಮೇಲೆ ಇಡಿಸ್ಕೊಂಡು ಆಣೆ ಹಾಕಿಸ್ಬಿಟ್ಟೆ. ಅವ್ಳ ಜತೆ ಮಾತು-ಕತೆ ಇಟ್ಕೊಂಡ್ರೆ ನನ್ನ ಹೆಣ ನೋಡ್ದಂಗೆ ಅಂತ. ಈಗ ಅಜ್ಜಂಪುರ್ದಾಗೆ ಇದ್ದಾಳಂತೆ, ಇವ್ನು ಹೋಗಿ ದೂರದಿಂದ ನೋಡ್ಕೊಂಡು ಬತ್ತಾನೇನೋ. ಮಾತು ಮಾತ್ರ ಇಬ್ರೂ ಆಡಿಲ್ಲ ನೋಡು. ಬರೀ ಹುಳ ಕಳಿಸ್ತಾಳೆ." ಅತ್ತೆ ಗೋಡೆ ಹಿಡಿದು ನೆಲಕ್ಕೆ ಕೂತರು. "ಚಿಕ್ಕೋರಿದ್ದಾಗ ಎಮ್ಮೆದೊಡ್ಡಿ ಕಾವಲ್ನಾಗೆ ಹೆಜ್ಜೇನು ಎದ್ಬಿಡ್ತು. ಅವ್ನ ಮೇಲೆ ಕಂಬಳಿ ಹಾಕಿ ಅದ್ರ ಮೇಲೆ ಮಲಗಿಬಿಟ್ಲು ಮುಂಡೇದು. ಮೂತಿಯೆಲ್ಲ ಬೂದುಗುಂಬ್ಳಕಾಯಿ ಆಗಿತ್ತು."

"ನಂಗ್ಯಾಕೆ ಹೇಳ್ಲಿಲ್ಲ ಅವ್ರು?"

"ನಿಂಗೆ ಹೇಳಿದ್ರೆ ನೀನು ನಂಗೆ ಹೇಳ್ತೀಯ ಅಂತ ಹೆದ್ರಿಕೆ ಇರ್ಬೇಕು."

ಸುಮನಾ ತಟ್ಟೆ ನೋಡುತ್ತಾ ನಿಂತಳು. ಬೇರೆ ಹೆಣ್ಣಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದವನು ತನ್ನನ್ನು ಅಮ್ಮನ ಕಡೆಯವಳೆಂದು ಲೆಕ್ಕಕ್ಕಿಟ್ಟುಕೊಂಡಿದ್ದ. ಅವನ ಮೀಸೆ, ಅವನ ಅಂಗಿ, ಅವನ ಶಿವನಿ ದಾರಿಯನ್ನೆಲ್ಲ ಅನುಮಾನಿಸಿದ ಅವಳಿಗೆ, ಅನುಮಾನ ಅವನ ಕಡೆಯಿಂದಲೂ ಇತ್ತೆಂದು ಈಗ ತಿಳಿಯಿತು. ಇದಕ್ಕೆ ಯಾರ ಜತೆ ಜಗಳವಾಡುವುದು?

"ನೀವು ಒಂದು ಮಾತು ಅಂದ್ರೆ ಆಣೆ ಹೋಗ್ತದಲ್ಲ ಅತ್ತೆ."

"ಅಂದ್ಬಿಡೋದು ಅಷ್ಟು ಸಸಾರನಾ?" ಎಂದವರು ಮುಖ ತಿರುಗಿಸಿಕೊಂಡರು.

ಹೊರಗೆ ಟಿವಿಎಸ್ ನಿಂತ ಸದ್ದಾಯಿತು. ಸುಮನಾ ಕವರನ್ನು ಸೆರಗಿನಲ್ಲಿ ಒತ್ತಿ ಒತ್ತಿ ಒರೆಸಿದಳು. ಕಮಲಾಕ್ಷಮ್ಮ ಅವಳ ಕೈಯಿಂದ ಅದನ್ನು ಕಿತ್ತುಕೊಂಡರು. ಪಾತ್ರೆಯಿಂದ ನಾಕು ಅಗುಳು ಅನ್ನ ತೆಗೆದು ಹೆಬ್ಬೆರಳಿನಲ್ಲಿ ಅರೆದು ಚೀಟಿಯ ಬೆನ್ನಿಗೆ ಸವರಿದರು. ಅವಸರದಲ್ಲಿ ಅಂಟಿಸಿದರು. ಹುಳ ಸೊಟ್ಟಗೆ ಕೂತಿತು.

ಮೋಹನ್ ಒಳಗೆ ಬಂದವನು ತಟ್ಟೆಯ ನೀರು ನೋಡಿದ, ಬಿಚ್ಚಿದ ಆಲ್ಬಮ್ ನೋಡಿದ, ಆಮೇಲೆ ಹೆಂಡತಿಯ ಕಡೆ ನೋಡಿದ. ಆ ನೋಟಕ್ಕೆ ಸುಮನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನೇ ಕಿತ್ತಿದ್ದು ಕಣೋ" ಎಂದರು ಕಮಲಾಕ್ಷಮ್ಮ, ತಲೆ ಎತ್ತದೆ. "ನಮ್ಮವ್ವ ಹೆಂಗವಳೆ ಅಂತ ಹೇಮ ಏನಾರ ಕೇಳವಳಾ ಅಂತ ನೋಡ್ದೆ."

ಒಲೆಯ ಮೇಲಿನ ಸಾರು ಉಕ್ಕಿ ಉರಿ ಆರಿತು. ಮೋಹನ್ ಚಪ್ಪಲಿ ಕಾಲಲ್ಲೇ ಅಮ್ಮನ ಎದುರು ಕುಕ್ಕರುಗಾಲಲ್ಲಿ ಕೂತ. ಗ್ರೀಸು ಹತ್ತಿದ ಬೆರಳನ್ನು ಅಂಗಿಗೆ ಉಜ್ಜಿಕೊಂಡ. ಆಮೇಲೆ, ಅಂಟು ಆರುವ ಮುಂಚೆ, ಸೊಟ್ಟಗೆ ಕೂತ ಚೀಟಿಯನ್ನು ಉಗುರಿನ ತುದಿಯಿಂದ ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸತೊಡಗಿದ. ಸುಮನಾ ಬಗ್ಗಿ ಬೆಳಕಿಗೆ ಅಡ್ಡವಾಗಿದ್ದ ತನ್ನ ನೆರಳನ್ನು ಸರಿಸಿಕೊಂಡಳು. ಅಜ್ಜಂಪುರದ ಮೊಹರಿನ ಉಂಗುರ ಇನ್ನೂ ಕೂಡಿರಲಿಲ್ಲ.